ಉಂಗುರವೂ ಬೀಗದ ಕೈಯೂ

ನಿವೃತ್ತನಾದ ಉಪಾಧ್ಯಾಯನಿಗೆ ಜನರು ನಡುಬೀದಿಯಲ್ಲಿ ಒಡ್ಡುವ ಪರೀಕ್ಷೆಯೊಂದುಂಟು. ಸಂತೆಯಲ್ಲಿಯೋ ಮದುವೆಯ ಮನೆಯಲ್ಲಿಯೋ ಯಾರೋ ಒಬ್ಬರು ಎದುರಿಗೆ ಬಂದು ನಮಸ್ಕರಿಸಿ, "ಮೇಷ್ಟ್ರೇ, ನಾನು ಯಾರು, ಗುರುತು ಸಿಕ್ಕಿತೆ?" ಎಂದು ಕೇಳುತ್ತಾರೆ. ಮುಖವನ್ನು ಎಲ್ಲಿಯೋ ಕಂಡಂತಿರುತ್ತದೆ. ಹೆಸರು ಮಾತ್ರ ನಾಲಗೆಯ ತುದಿಯವರೆಗೂ ಬಾರದು. ಒಮ್ಮೆ ಹೀಗೆ ನಾನು ತಡಬಡಿಸುತ್ತಿದ್ದಾಗ, ಎದುರಿಗಿದ್ದ ನಡುವಯಸ್ಸಿನ ಗೃಹಸ್ಥರು ನಕ್ಕು, "ಇರಲಿ ಬಿಡಿ ಮೇಷ್ಟ್ರೇ, ನನಗೆ ನೆನಪಿದೆಯಲ್ಲ, ಸಾಕು" ಎಂದರು. ಅವರು ಎಂಟನೆಯ ತರಗತಿಯಲ್ಲಿದ್ದಾಗ ಒಂದು ಸಂಜೆ ಬಿರುಮಳೆ ಹಿಡಿದಿತ್ತಂತೆ. ನಾನು ನನ್ನ ಕೊಡೆಯನ್ನು ಅವರ ಕೈಗೆ ಕೊಟ್ಟು, ನೆನೆದುಕೊಂಡೇ ಮನೆಗೆ ಹೋದೆನಂತೆ. ಆ ಮಳೆಯಾಗಲಿ ಆ ಕೊಡೆಯಾಗಲಿ ನನ್ನ ನೆನಪಿನಲ್ಲಿ ಲವಲೇಶವೂ ಇರಲಿಲ್ಲ. ನಾನು ಎಂದೋ ಕಳೆದುಕೊಂಡಿದ್ದ ಒಂದು ಸಂಜೆಯನ್ನು ಅವರು ಮೂವತ್ತು ವರ್ಷಗಳ ಕಾಲ ನನ್ನ ಪರವಾಗಿ ಜೋಪಾನ ಮಾಡಿಟ್ಟಿದ್ದರು.

ಇಷ್ಟು ಚಿಕ್ಕ ಮರೆವೇ ಮನುಷ್ಯನನ್ನು ಇಷ್ಟು ಸಂಕೋಚಕ್ಕೆ ಗುರಿಮಾಡುವುದಾದರೆ, ಒಬ್ಬನು ತನ್ನ ಹೆಸರನ್ನೇ, ತನ್ನ ಊರನ್ನೇ, ತಾನು ಪ್ರೀತಿಸಿದವರನ್ನೇ ಮರೆತುಬಿಟ್ಟರೆ ಅವನ ಗತಿಯೇನು? ಅವನಿಗಾಗಿ ಕಾದಿರುವವರ ಗತಿಯೇನು? ಇಂತಹ ಮರೆವನ್ನು ವೈದ್ಯರು 'ವಿಸ್ಮೃತಿ' ಎಂದು ಕರೆಯುತ್ತಾರೆ. ಕಥೆಗಾರರಿಗಂತೂ ಇದು ಬಹು ಹಿಂದಿನ ಕಾಲದಿಂದಲೂ ಪ್ರಿಯವಾದ ವಸ್ತು. ಈ ಪಾಠದಲ್ಲಿ ನಾವು ಎರಡು ಪ್ರಣಯಕಥೆಗಳನ್ನು ನೋಡೋಣ. ಒಂದು ನಮ್ಮ ದೇಶದ್ದು, ಇನ್ನೊಂದು ಇಂಗ್ಲೆಂಡಿನದು. ಅವುಗಳ ಜೊತೆಗೆ, ಫ್ರಾನ್ಸ್ ದೇಶದಲ್ಲಿ ನಿಜವಾಗಿಯೂ ನಡೆದ ಒಂದು ಸಂಗತಿಯನ್ನು ಇಟ್ಟು ಆಲೋಚಿಸೋಣ.

ಮೊದಲನೆಯ ಕಥೆ ನೀವು ಬಲ್ಲದ್ದೇ. ಮಹಾಭಾರತದ ಆದಿಪರ್ವದಲ್ಲಿ ಶಕುಂತಲೆಯ ಉಪಾಖ್ಯಾನವಿದೆ. ದುಷ್ಯಂತ ಮಹಾರಾಜನು ಬೇಟೆಗೆಂದು ಬಂದು, ಕಣ್ವರ ಆಶ್ರಮದಲ್ಲಿ ಶಕುಂತಲೆಯನ್ನು ಕಂಡು, ಗಾಂಧರ್ವ ವಿಧಿಯಿಂದ ಅವಳನ್ನು ವರಿಸಿ ರಾಜಧಾನಿಗೆ ಹಿಂದಿರುಗುತ್ತಾನೆ. ಮುಂದೆ ಅವಳು ಮಗನೊಡನೆ ಆಸ್ಥಾನಕ್ಕೆ ಬಂದಾಗ "ನಿನ್ನನ್ನು ನಾನರಿಯೆ" ಎನ್ನುತ್ತಾನೆ. ಆದರೆ ಅಲ್ಲಿ ಅರಸನು ಏನನ್ನೂ ಮರೆತಿಲ್ಲ. ಎಲ್ಲವೂ ತಿಳಿದಿದ್ದೂ, ಲೋಕಾಪವಾದಕ್ಕೆ ಅಂಜಿ, ತಿಳಿಯದವನಂತೆ ನಟಿಸುತ್ತಾನೆ. ಅಶರೀರವಾಣಿಯು ಸತ್ಯವನ್ನು ನುಡಿದ ಮೇಲೆ ಮಡದಿಯನ್ನೂ ಮಗನನ್ನೂ ಸ್ವೀಕರಿಸುತ್ತಾನೆ.

ಕಾಳಿದಾಸನು ಇದೇ ಕಥೆಯನ್ನು ನಾಟಕವಾಗಿ ರಚಿಸಿದಾಗ ಅದರಲ್ಲಿ ಒಂದು ಮಹತ್ತರವಾದ ಬದಲಾವಣೆಯನ್ನು ಮಾಡಿದನು. ಅವನ ದುಷ್ಯಂತನು ಸುಳ್ಳು ಹೇಳುವವನಲ್ಲ, ನಿಜವಾಗಿಯೂ ಮರೆತವನು. ಪತಿಯ ಚಿಂತೆಯಲ್ಲಿ ಮೈಮರೆತಿದ್ದ ಶಕುಂತಲೆಯು ಬಾಗಿಲಿಗೆ ಬಂದ ದುರ್ವಾಸರನ್ನು ಗಮನಿಸಲಿಲ್ಲ. ಯಾರನ್ನು ನೆನೆಯುತ್ತ ಕುಳಿತಿರುವೆಯೋ ಅವನೇ ನಿನ್ನನ್ನು ಮರೆಯಲಿ ಎಂದು ಮುನಿ ಶಪಿಸಿದನು. ಸಖಿಯು ಬೇಡಿಕೊಂಡ ಮೇಲೆ, ಗುರುತಿನ ಆಭರಣವನ್ನು ಕಂಡಾಗ ಶಾಪವು ಕಳೆಯುವುದೆಂದು ಸಮಾಧಾನವನ್ನು ಹೇಳಿದನು. ಆ ಗುರುತೇ ಅರಸನು ಕೊಟ್ಟುಹೋಗಿದ್ದ ಉಂಗುರ. ದಾರಿಯಲ್ಲಿ ಶಚೀತೀರ್ಥದ ನೀರಿಗೆ ಕೈಮುಗಿಯುವಾಗ ಆ ಉಂಗುರವು ಜಾರಿ ಹೋಯಿತು. ಹೀಗಾಗಿ ತುಂಬಿದ ಬಸುರಿಯಾದ ಶಕುಂತಲೆಯು ಆಸ್ಥಾನದಲ್ಲಿ ಬರಿಗೈಯಲ್ಲಿ ನಿಲ್ಲಬೇಕಾಯಿತು. ತನ್ನ ಗಂಡನಿಗೇ ಅವಳು ಅಪರಿಚಿತೆಯಾದಳು.

ಈ ನಾಟಕವನ್ನು ಬಸವಪ್ಪಶಾಸ್ತ್ರಿಗಳು ಕನ್ನಡಕ್ಕೆ ತಂದು 'ಅಭಿನವ ಕಾಳಿದಾಸ'ರೆನಿಸಿದರು. ಆ ಮೂಲಕ ಶಕುಂತಲೆಯ ದುಃಖವು ಹಳೆಯ ಮೈಸೂರಿನ ರಂಗಭೂಮಿಯನ್ನು ಏರಿ ಕನ್ನಡಿಗರ ಮನೆಮಾತಾಯಿತು. ಇಲ್ಲಿ ನಾವು ವಿಶೇಷವಾಗಿ ಗಮನಿಸಬೇಕಾದುದು ಐದನೆಯ ಅಂಕದ ಆರಂಭವನ್ನು. ಶಕುಂತಲೆಯು ಇನ್ನೂ ಅರಮನೆಯನ್ನು ಪ್ರವೇಶಿಸಿಲ್ಲ. ಒಳಗೆಲ್ಲಿಯೋ ಹಂಸಪದಿಕೆಯೆಂಬವಳು ಹಾಡುತ್ತಿದ್ದಾಳೆ. ಆ ಹಾಡು ಕಿವಿಗೆ ಬಿದ್ದೊಡನೆ ಅರಸನ ಮನಸ್ಸು ಕಾರಣವಿಲ್ಲದೆ ಕದಡುತ್ತದೆ. ಅಗಲಿದವರು ಯಾರೂ ಇಲ್ಲ, ಆದರೂ ಅಗಲಿಕೆಯ ಸಂಕಟ ಮಾತ್ರ ಇದೆ. ಇದು ಹಿಂದಿನ ಜನ್ಮದ ಸ್ನೇಹದ ಎಳೆಯಿರಬಹುದೆ ಎಂದು ಅವನು ಬೆರಗಾಗುತ್ತಾನೆ. ಬುದ್ಧಿಯು ಮರೆತದ್ದನ್ನು ಮನಸ್ಸಿನ ಇನ್ನೊಂದು ಮೂಲೆ ಮರೆತಿರಲಿಲ್ಲ. ಶಾಪವು ನೆನಪಿನ ದೀಪವನ್ನು ಆರಿಸಿತ್ತು, ನಿಜ. ಆದರೆ ಎಣ್ಣೆ ಇನ್ನೂ ಹಾಗೆಯೇ ಇತ್ತು. ಮುಂದೆ ಬೆಸ್ತನೊಬ್ಬನಿಗೆ ಮೀನಿನ ಹೊಟ್ಟೆಯಲ್ಲಿ ಉಂಗುರವು ಸಿಕ್ಕಿ, ಅದು ಅರಸನ ಕೈಸೇರಿದಾಗ, ದೀಪವು ಮತ್ತೆ ಹತ್ತಿಕೊಂಡಿತು. ಆ ವೇಳೆಗೆ ಶಕುಂತಲೆಯು ದೂರ ಹೋಗಿಬಿಟ್ಟಿದ್ದಳು.

ಇನ್ನು ಎರಡನೆಯ ಕಥೆ. ಅದು ಶಾಪಗಳ ಕಾಲದ್ದಲ್ಲ, ಯಂತ್ರಗಳ ಕಾಲದ್ದು. 1914ರಿಂದ 1918ರವರೆಗೆ ನಡೆದ ಮೊದಲನೆಯ ಮಹಾಯುದ್ಧದ ಹೆಸರನ್ನು ನೀವು ಇತಿಹಾಸದ ಪಾಠದಲ್ಲಿ ಓದಿರುತ್ತೀರಿ. ಆ ಯುದ್ಧದಲ್ಲಿ ಭಾರತದಿಂದ ಹತ್ತು ಲಕ್ಷಕ್ಕೂ ಮೀರಿದ ಜನ ಕಡಲಾಚೆಗೆ ಹೋದರು. ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಅಶ್ವದಳವು ಜೋಧಪುರದ ದಳದೊಡನೆ ಸೇರಿ 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದುಕೊಂಡದ್ದು ಇದೇ ಯುದ್ಧದಲ್ಲಿ. ಫ್ರಾನ್ಸಿನ ರಣಭೂಮಿಯಲ್ಲಾದರೋ ಹೋರಾಟದ ರೀತಿಯೇ ಬೇರೆಯಾಗಿತ್ತು. ಸೈನಿಕರು ನೆಲದಲ್ಲಿ ಅಗೆದ ಕಂದಕಗಳಲ್ಲಿ ವಾರಗಟ್ಟಲೆ ಕುಳಿತಿರಬೇಕು. ಮೇಲೆ ಹಗಲೂ ಇರುಳೂ ಫಿರಂಗಿಯ ಗುಂಡುಗಳು ಸಿಡಿಯುತ್ತಿರುತ್ತವೆ. ಮೈಮೇಲೆ ಒಂದು ಗಾಯವೂ ಇಲ್ಲದೆ, ಮಾತು ಹೋದ, ಕೈಕಾಲು ನಡುಗುವ, ಹಿಂದಿನದೊಂದೂ ನೆನಪಿಲ್ಲದ ಯೋಧರು ಆಸ್ಪತ್ರೆಗಳಿಗೆ ಬರತೊಡಗಿದರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಇಂಗ್ಲಿಷ್ ವೈದ್ಯನು ಈ ಸ್ಥಿತಿಯನ್ನು ಕುರಿತು ಬರೆಯುತ್ತ 'ಷೆಲ್ ಶಾಕ್', ಎಂದರೆ ಸಿಡಿಗುಂಡಿನ ಆಘಾತ, ಎಂಬ ಮಾತನ್ನು ಬಳಸಿದನು. ಇಂತಹವರನ್ನು ಹೇಡಿಗಳೆಂದು ಜರೆದವರೂ ಉಂಟು. ಮನಸ್ಸಿಗೂ ಗಾಯವಾಗಬಲ್ಲದು ಎಂಬುದನ್ನು ಒಪ್ಪಲು ಜಗತ್ತಿಗೆ ಬಹಳ ಕಾಲ ಹಿಡಿಯಿತು.

ಇಂತಹ ಒಬ್ಬ ಯೋಧನನ್ನು ನಾಯಕನನ್ನಾಗಿ ಮಾಡಿಕೊಂಡು ಜೇಮ್ಸ್ ಹಿಲ್ಟನ್ ಎಂಬ ಇಂಗ್ಲಿಷ್ ಲೇಖಕನು 1941ರಲ್ಲಿ 'ರ್ಯಾಂಡಮ್ ಹಾರ್ವೆಸ್ಟ್' ಎಂಬ ಕಾದಂಬರಿಯನ್ನು ಪ್ರಕಟಿಸಿದನು. ಹಿಲ್ಟನ್ ಶಾಲಾ ಉಪಾಧ್ಯಾಯನ ಮಗ. ಒಬ್ಬ ವೃದ್ಧ ಉಪಾಧ್ಯಾಯನ ಬಾಳನ್ನು ಚಿತ್ರಿಸುವ 'ಗುಡ್ ಬೈ, ಮಿಸ್ಟರ್ ಚಿಪ್ಸ್' ಕೂಡ ಅವನದೇ ಕೃತಿ. 'ರ್ಯಾಂಡಮ್ ಹಾರ್ವೆಸ್ಟ್' 1942ರಲ್ಲಿ ಚಲನಚಿತ್ರವಾಯಿತು. ರೊನಾಲ್ಡ್ ಕೋಲ್ಮನ್ ಮತ್ತು ಗ್ರಿಯರ್ ಗಾರ್ಸನ್ ಅದರಲ್ಲಿ ಅಭಿನಯಿಸಿದರು. ಆ ಚಿತ್ರದಲ್ಲಿ ಬರುವಂತೆ ಕಥೆಯನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇನೆ.

1918ರ ನವೆಂಬರ್ ತಿಂಗಳು. ಮೆಲ್‌ಬ್ರಿಜ್ ಎಂಬ ಊರಿನ ಮಾನಸಿಕ ಚಿಕಿತ್ಸಾಲಯದಲ್ಲಿ ಒಬ್ಬ ಸೇನಾಧಿಕಾರಿ ಇದ್ದಾನೆ. ಅವನಿಗೆ ತನ್ನ ಹೆಸರು ತಿಳಿಯದು. ಮಾತು ಸರಾಗವಾಗಿ ಬಾರದು. ಕರೆಯಲು ಏನಾದರೊಂದು ಬೇಕಲ್ಲ ಎಂದು ಅವನಿಗೆ ಸ್ಮಿತ್ ಎಂದು ಹೆಸರಿಟ್ಟಿದ್ದಾರೆ. ಒಂದು ದಿನ ಮಗನನ್ನು ಕಳೆದುಕೊಂಡ ವೃದ್ಧ ದಂಪತಿಗಳು ಅವನನ್ನು ನೋಡಲು ಬರುತ್ತಾರೆ. ಇವನೇ ತಮ್ಮ ಮಗನಿರಬಹುದೆಂಬ ಆಸೆ ಅವರಿಗೆ. ಇವರೇ ತನ್ನ ತಾಯಿತಂದೆಗಳಿರಬಹುದೆಂಬ ಆಸೆ ಅವನಿಗೆ. ಬಾಗಿಲು ತೆರೆಯುತ್ತದೆ. ಇವನು ಅವನಲ್ಲ. ಎರಡು ಕಡೆಯ ಆಸೆಯೂ ಒಂದೇ ಗಳಿಗೆಯಲ್ಲಿ ಮುರಿದು ಬೀಳುತ್ತದೆ.

ಯುದ್ಧವು ಮುಗಿಯಿತೆಂಬ ವಾರ್ತೆ ಬಂದ ರಾತ್ರಿ ಊರೆಲ್ಲ ಕುಣಿದಾಡುತ್ತಿರುತ್ತದೆ. ಕಾವಲುಗಾರರೂ ಆ ಸಂಭ್ರಮದಲ್ಲಿ ಸೇರಿ ಹೋಗಿರುತ್ತಾರೆ. ತೆರೆದ ಬಾಗಿಲಿನಿಂದ ಸ್ಮಿತ್ ಮಂಜಿನೊಳಗೆ ನಡೆದು ಹೊರಟುಬಿಡುತ್ತಾನೆ. ಜನಸಂದಣಿಗೆ ಹೆದರಿ ಒಂದು ಹೊಗೆಸೊಪ್ಪಿನ ಅಂಗಡಿಯನ್ನು ಹೊಗುತ್ತಾನೆ. ಅಲ್ಲಿ ಪೌಲಾ ಎಂಬ ಯುವತಿ ಅವನನ್ನು ನೋಡುತ್ತಾಳೆ. ಅವಳು ನಾಟಕ ಶಾಲೆಗಳಲ್ಲಿ ಹಾಡಿ ಕುಣಿದು ಜೀವಿಸುವವಳು. ಇವನು ಎಲ್ಲಿಂದ ಬಂದವನೆಂಬುದು ಅವಳಿಗೆ ಅರ್ಥವಾಗುತ್ತದೆ. ಆದರೂ ಅವಳು ಹೆದರುವುದಿಲ್ಲ. ಆ ಅಪರಿಚಿತನನ್ನು 'ಸ್ಮಿತಿ' ಎಂದು ಸಲಿಗೆಯಿಂದ ಕರೆದು, ತನ್ನ ಕೆಲಸವನ್ನೂ ಬಿಟ್ಟು, ದೂರದ ಹಳ್ಳಿಯೊಂದಕ್ಕೆ ಕರೆದುಕೊಂಡು ಹೋಗುತ್ತಾಳೆ. ಅವಳ ಆರೈಕೆಯಲ್ಲಿ ಅವನಿಗೆ ಮಾತು ಮರಳುತ್ತದೆ, ನಗು ಮರಳುತ್ತದೆ. ಹಳೆಯ ನೆನಪು ಮಾತ್ರ ಮರಳುವುದಿಲ್ಲ. ಅವರಿಬ್ಬರೂ ವಿವಾಹವಾಗುತ್ತಾರೆ. ಕಿರುಗುಟ್ಟುವ ಗೇಟು, ಬಾಗಿಲ ಬಳಿ ತಲೆಗೆ ತಗಲುವ ಹೂವಿನ ಕೊಂಬೆ, ಒಂದು ಪುಟ್ಟ ಮನೆ, ಒಂದು ಗಂಡು ಮಗು - ಇಷ್ಟೇ ಅವರ ಪ್ರಪಂಚ.

ಅವನು ಬರೆದ ಲೇಖನವನ್ನು ಮೆಚ್ಚಿ ಲಿವರ್‌ಪೂಲ್ ನಗರದ ಪತ್ರಿಕೆಯೊಂದು ಕೆಲಸದ ವಿಷಯವಾಗಿ ಅವನನ್ನು ಕರೆಸುತ್ತದೆ. ಒಂದು ದಿನದ ಪ್ರಯಾಣವೆಂದು ಹೊರಟವನು ಅಲ್ಲಿ ಬೀದಿಯನ್ನು ದಾಟುವಾಗ ಕಾರಿಗೆ ಸಿಕ್ಕಿ ಬೀಳುತ್ತಾನೆ. ಎಚ್ಚರವಾದಾಗ ಅವನಿಗೆ ಎಲ್ಲವೂ ನೆನಪಿದೆ. ತಾನು ಚಾರ್ಲ್ಸ್ ರೇನಿಯರ್, ಶ್ರೀಮಂತ ಮನೆತನದವನು, ಫ್ರಾನ್ಸಿನ ಕಂದಕದಲ್ಲಿದ್ದವನು! ಆದರೆ ಕಂದಕದಿಂದ ಲಿವರ್‌ಪೂಲಿನ ಬೀದಿಯವರೆಗಿನ ಮೂರು ವರ್ಷಗಳು ಅಳಿಸಿಹೋಗಿವೆ. ಪೌಲಾ ಇಲ್ಲ, ಮಗುವಿಲ್ಲ, ಹಳ್ಳಿಯಿಲ್ಲ. ಜೇಬಿನಲ್ಲಿ ಒಂದು ಬೀಗದ ಕೈ ಮಾತ್ರ ಇದೆ. ಅದು ಯಾವ ಮನೆಯದೆಂಬುದು ಅವನಿಗೆ ತಿಳಿಯದು.

ಮುಂದೆ ಅವನು ದೊಡ್ಡ ಉದ್ಯಮಿಯಾಗುತ್ತಾನೆ. ಆ ಬೀಗದ ಕೈಯನ್ನು ಮಾತ್ರ ಎಸೆಯುವುದಿಲ್ಲ. ಅತ್ತ ಹಳ್ಳಿಯಲ್ಲಿ ಮಗು ತೀರಿಕೊಳ್ಳುತ್ತದೆ. ವರ್ಷಗಟ್ಟಲೆ ಹುಡುಕಿದ ಪೌಲಾ ಒಂದು ದಿನ ಪತ್ರಿಕೆಯಲ್ಲಿ ಅವನ ಭಾವಚಿತ್ರವನ್ನು ಕಾಣುತ್ತಾಳೆ. ಅವನ ಕಚೇರಿಯಲ್ಲಿ ಮಾರ್ಗರೆಟ್ ಎಂಬ ಹೆಸರಿನಿಂದ ಕಾರ್ಯದರ್ಶಿಯಾಗಿ ಸೇರುತ್ತಾಳೆ. ಅವನು ಅವಳನ್ನು ನೋಡುತ್ತಾನೆ, ಗುರುತಿಸುವುದಿಲ್ಲ. ಆ ಕ್ಷಣದಿಂದ ಕಥೆಯಲ್ಲಿ ಅಪರಿಚಿತರು ಅದಲುಬದಲಾಗುತ್ತಾರೆ. ಮೊದಲು ಅವನು ಅಪರಿಚಿತ, ಅವಳು ಆಶ್ರಯ. ಈಗ ಅವಳು ಅಪರಿಚಿತೆ.

ಇಲ್ಲಿ ನಾವು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಪೌಲಾ ಏಕೆ ನಿಜವನ್ನು ಹೇಳಿಬಿಡಲಿಲ್ಲ? "ನಾನು ನಿಮ್ಮ ಹೆಂಡತಿ" ಎಂಬ ಎರಡು ಮಾತು ಸಾಕಾಗಿತ್ತಲ್ಲ! ಹೇಳಿದ್ದರೆ ಅವನು ಮರ್ಯಾದಸ್ಥನಾದುದರಿಂದ ಒಪ್ಪಿಕೊಳ್ಳುತ್ತಿದ್ದನೋ ಏನೋ. ಆದರೆ ಅದು ಕರ್ತವ್ಯವಾಗುತ್ತಿತ್ತು, ಒಲವಾಗುತ್ತಿರಲಿಲ್ಲ. ಅವನು ಅವಳ ಮಾತನ್ನು ನಂಬಬಹುದಾಗಿತ್ತು. ನೆನಪನ್ನು ಮಾತ್ರ ಅವಳು ಅವನಿಗೆ ಕಡ ಕೊಡುವಂತಿರಲಿಲ್ಲ. ಬಲವಂತದಿಂದ ತೆರೆದ ಮೊಗ್ಗು ಹೂವಾಗುವುದಿಲ್ಲ. ಇದನ್ನು ಅರಿತೇ ಅವಳು ಕಾಯುತ್ತಾಳೆ. ರಾಜಕೀಯವನ್ನು ಪ್ರವೇಶಿಸಿದ ರೇನಿಯರ್ ಲೋಕವ್ಯವಹಾರದ ಅನುಕೂಲಕ್ಕಾಗಿ ಅವಳನ್ನೇ ಮದುವೆಯಾಗುತ್ತೇನೆಂದಾಗ ಅದಕ್ಕೂ ಒಪ್ಪುತ್ತಾಳೆ. ತನ್ನ ಗಂಡನನ್ನೇ ಎರಡನೆಯ ಬಾರಿ ಮದುವೆಯಾಗಿ, ಅವನ ಮನೆಯಲ್ಲಿಯೇ ಅವನು ತನ್ನನ್ನು ಗುರುತಿಸಲೆಂದು ಕಾದಿರುವ ಅವಳ ಸ್ಥಿತಿಯನ್ನು ಎಣಿಸಿಕೊಂಡು ನೋಡಿ.

ಕೊನೆಗೆ, ಮೆಲ್‌ಬ್ರಿಜ್ ಊರಿನ ಕಾರ್ಖಾನೆಯ ಮುಷ್ಕರವನ್ನು ಬಗೆಹರಿಸಲು ರೇನಿಯರ್ ಅಲ್ಲಿಗೆ ಹೋಗುತ್ತಾನೆ. ಹಿಂದೆಂದೂ ಆ ಊರನ್ನು ಕಂಡವನಲ್ಲವೆಂದೇ ಅವನ ತಿಳಿವಳಿಕೆ. ಕೆಲಸ ಮುಗಿದ ಮೇಲೆ ಬೀದಿಯಲ್ಲಿ ಜನರು ನಲಿದಾಡುತ್ತಿರುತ್ತಾರೆ. ಹೊಗೆಸೊಪ್ಪು ಬೇಕೆನಿಸಿ, ಯಾರನ್ನೂ ಕೇಳದೆ ನೇರವಾಗಿ ಆ ಹಳೆಯ ಅಂಗಡಿಗೆ ನಡೆದು ಹೋಗುತ್ತಾನೆ. "ಈ ಊರಿಗೆ ಬಂದೇ ಇಲ್ಲವೆಂದಿರಲ್ಲ, ಅಂಗಡಿಯ ದಾರಿ ಹೇಗೆ ತಿಳಿಯಿತು?" ಎಂದು ಜೊತೆಗಾರನು ಕೇಳುತ್ತಾನೆ. ಅವನ ತಲೆ ಮರೆತಿತ್ತು; ಅವನ ಕಾಲು ಮರೆತಿರಲಿಲ್ಲ. ಎಳೆ ಹಿಡಿದು ಹೊರಟವನು ಚಿಕಿತ್ಸಾಲಯವನ್ನು ಕಾಣುತ್ತಾನೆ. ಅಲ್ಲಿಂದ ಹಳ್ಳಿಗೆ ಹೋಗುತ್ತಾನೆ. ಗೇಟು ಕಿರುಗುಟ್ಟುತ್ತದೆ, ಹೂವಿನ ಕೊಂಬೆ ತಲೆಗೆ ತಗಲುತ್ತದೆ. ಜೇಬಿನ ಬೀಗದ ಕೈಯನ್ನು ಬಾಗಿಲಿಗೆ ಹಾಕಿ ತಿರುಗಿಸಿದರೆ ಬಾಗಿಲು ತೆರೆಯುತ್ತದೆ. ಹಿಂದಿನಿಂದ 'ಸ್ಮಿತಿ' ಎಂಬ ಕರೆ ಕೇಳುತ್ತದೆ. ತಿರುಗಿ ನೋಡಿದ ಅವನ ಬಾಯಿಂದ 'ಪೌಲಾ' ಎಂಬ ಹೆಸರು ಹೊರಡುತ್ತದೆ.

ಮೂಲ ಕಾದಂಬರಿಯಲ್ಲಿ ಹಿಲ್ಟನ್ ಒಂದು ಚಮತ್ಕಾರವನ್ನು ಮಾಡಿದ್ದಾನೆ. ರೇನಿಯರನ ಹೆಂಡತಿಯೇ ಪೌಲಾ ಎಂಬುದನ್ನು ಅವನು ಕೊನೆಯವರೆಗೂ ಓದುಗರಿಗೆ ತಿಳಿಸುವುದಿಲ್ಲ. ರೇನಿಯರನಂತೆ ನಾವೂ ಅವಳನ್ನು ಪುಟಪುಟದಲ್ಲಿ ಕಂಡರೂ ಗುರುತಿಸದೆ ಹೋಗುತ್ತೇವೆ. ಚಲನಚಿತ್ರದಲ್ಲಿ ಮುಖವು ಕಾಣುವುದರಿಂದ ಆ ಗುಟ್ಟನ್ನು ಕಾಪಾಡಲಾಗದು. ಅಲ್ಲಿ ನಾವು ಪೌಲಾಳ ಜೊತೆಗೆ ನಿಂತು ಕಾಯುತ್ತೇವೆ. ಕಾದಂಬರಿಯು ನಮ್ಮನ್ನು ಮರೆತವನ ಪಕ್ಕದಲ್ಲಿ ಕೂರಿಸಿದರೆ, ಚಿತ್ರವು ಮರೆಯಲ್ಪಟ್ಟವಳ ಪಕ್ಕದಲ್ಲಿ ಕೂರಿಸುತ್ತದೆ.

ಕಾಳಿದಾಸನ ಉಂಗುರಕ್ಕೂ ಹಿಲ್ಟನನ ಕಥೆಯ ಬೀಗದ ಕೈಗೂ ಇರುವ ಹೋಲಿಕೆಯನ್ನು ನೀವು ಆಗಲೇ ಕಂಡುಕೊಂಡಿರಬಹುದು. ಎರಡೂ ಲೋಹದ ಸಣ್ಣ ತುಂಡುಗಳು. ಎರಡೂ ಅಳಿದುಹೋದ ಕಾಲದ ಸಾಕ್ಷಿಗಳು. ಭೇದವೂ ಉಂಟು. ಉಂಗುರವು ಮರೆಯಲ್ಪಟ್ಟವಳ ಕೈಯಲ್ಲಿತ್ತು, ಕಳೆದುಹೋಯಿತು. ಬೀಗದ ಕೈ ಮರೆತವನ ಜೇಬಿನಲ್ಲಿಯೇ ಇತ್ತು, ಉಳಿಯಿತು. ಉಂಗುರವನ್ನು ಕಂಡ ಮಾತ್ರಕ್ಕೆ ನೆನಪು ಬಂದಿತು. ಬೀಗದ ಕೈಯನ್ನು ಅವನು ವರ್ಷಗಟ್ಟಲೆ ನೋಡಿದರೂ ಏನೂ ಬರಲಿಲ್ಲ. ಅದಕ್ಕೆ ತಕ್ಕ ಬಾಗಿಲು ಬೇಕಾಗಿತ್ತು. ಬಾಗಿಲಿನವರೆಗೆ ಅವನೇ ನಡೆದು ಬರಬೇಕಾಗಿತ್ತು. ಆಸ್ಥಾನದಲ್ಲಿ ಶಕುಂತಲೆಯನ್ನು ಸಾಕ್ಷಿ ಕೊಡೆಂದು ಕೇಳಿದರು. ಸಾಕ್ಷಿಯಿಲ್ಲದ್ದರಿಂದ ಅವಳ ಸತ್ಯವು ಸುಳ್ಳೆನಿಸಿತು. ಪೌಲಾಳಾದರೋ ಸಾಕ್ಷಿಯನ್ನು ಮುಂದೆ ಹಿಡಿಯದೆ, ಸತ್ಯವು ತಾನಾಗಿ ಬೆಳಕಿಗೆ ಬರಲೆಂದು ಕಾದಳು.

ಇವೆಲ್ಲ ಕಥೆಗಳಾದವು. ಬಾಳಿನಲ್ಲಿ ಹೀಗೆ ನಡೆಯುತ್ತದೆಯೆ ಎಂದು ನೀವು ಕೇಳಬಹುದು. ನಡೆದದ್ದುಂಟು, ಆದರೆ ಅದರ ಮುಕ್ತಾಯ ಬೇರೆ ತೆರನಾದುದು.

1918ರ ಫೆಬ್ರವರಿ 1ರಂದು ಜರ್ಮನಿಯಿಂದ ಬಿಡುಗಡೆಯಾದ ಫ್ರೆಂಚ್ ಯುದ್ಧಕೈದಿಗಳು ಲಿಯೋನ್ ನಗರದ ರೈಲು ನಿಲ್ದಾಣಕ್ಕೆ ಬಂದಿಳಿದರು. ಅವರಲ್ಲಿ ಒಬ್ಬನ ಬಳಿ ಯಾವ ಗುರುತಿನ ಕಾಗದವೂ ಇರಲಿಲ್ಲ. ಹೆಸರನ್ನು ಕೇಳಿದಾಗ ಅವನು ಗೊಣಗಿದ್ದು 'ಮಾಂಜೇನ್' ಎಂಬಂತೆ ಕೇಳಿಸಿತು. ಹಾಗಾಗಿ ಆಂತೆಲ್ಮ್ ಮಾಂಜೇನ್ ಎಂದೇ ಕಡತದಲ್ಲಿ ಬರೆದುಕೊಂಡರು. ಅವನನ್ನು ಮಾನಸಿಕ ಚಿಕಿತ್ಸಾಲಯದಲ್ಲಿ ಇರಿಸಲಾಯಿತು. ಯಾರಾದರೂ ಗುರುತಿಸಲೆಂದು 1920ರಲ್ಲಿ ಅವನ ಭಾವಚಿತ್ರವು ಪತ್ರಿಕೆಯಲ್ಲಿ ಪ್ರಕಟವಾಯಿತು.

ಆಗ ನಡೆದದ್ದು ಹೃದಯವನ್ನು ಕಲಕುವಂತಹುದು. ಆ ಯುದ್ಧದಲ್ಲಿ ಸತ್ತು, ಶವವೂ ಸಿಗದೆ ಹೋದ ಫ್ರೆಂಚ್ ಸೈನಿಕರು ಲಕ್ಷಾಂತರ ಮಂದಿ. ಹೂಳಲು ದೇಹವಿಲ್ಲ, ಅಳಲು ಸಮಾಧಿಯಿಲ್ಲ. ಮನೆಯವರಿಗೆ ಉಳಿದದ್ದು 'ಕಾಣೆಯಾಗಿದ್ದಾನೆ' ಎಂಬ ಒಂದು ಮಾತು. ಆ ಮಾತಿನಲ್ಲಿ ಒಂದು ಸಣ್ಣ ಆಸೆಯೂ ಅಡಗಿತ್ತು. ಅನೇಕಾನೇಕ ಕುಟುಂಬಗಳು ಮಾಂಜೇನ್ ತಮ್ಮವನೆಂದು ಮುಂದೆ ಬಂದವು. ತಾಯಂದಿರು ಬಂದರು, ಹೆಂಡತಿಯರು ಬಂದರು. ಅವರು ಮೋಸಗಾರರಲ್ಲ. ಆ ಮುಖದಲ್ಲಿ ತಮ್ಮವನನ್ನು ನಿಜವಾಗಿಯೂ ಕಂಡರು, ಏಕೆಂದರೆ ಕಾಣಲೇಬೇಕೆಂದು ಅವರ ಜೀವವು ಹಂಬಲಿಸುತ್ತಿತ್ತು. ಅವನು ಮಾತ್ರ ಯಾರನ್ನೂ ಗುರುತಿಸದೆ ಮೌನವಾಗಿ ಕುಳಿತಿದ್ದನು.

1934ರಲ್ಲಿ ಅವನನ್ನು ಸೇಂಟ್ ಮೌರ್ ಎಂಬ ಹಳ್ಳಿಯ ನಿಲ್ದಾಣಕ್ಕೆ ಕರೆತಂದು ಬಿಟ್ಟು, ಏನು ಮಾಡುವನೋ ನೋಡಿದರು. ಅವನು ಹಳ್ಳಿಯೊಳಗೆ ನಡೆದು, ಮೊಂಜ್ವೆನ್ ಎಂಬ ವೃದ್ಧನ ಮನೆಯನ್ನು ಮುಟ್ಟಿದನು. ಚರ್ಚಿನ ಗೋಪುರವು ಮೊದಲಿನಂತಿಲ್ಲವೆಂಬುದನ್ನೂ ಗಮನಿಸಿದನು. ಅವನಿಲ್ಲದ ಕಾಲದಲ್ಲಿ ಅದಕ್ಕೆ ಸಿಡಿಲು ಬಡಿದಿತ್ತು. ಇಲ್ಲಿಯೂ ಕಾಲು ದಾರಿಯನ್ನು ಮರೆತಿರಲಿಲ್ಲ! ಆದರೆ ಬೇರೆಯವರು ತಮ್ಮ ಹಕ್ಕನ್ನು ಬಿಡಲಿಲ್ಲ. ವ್ಯಾಜ್ಯವು ನ್ಯಾಯಾಲಯದಲ್ಲಿ ನಡೆದು, 1937ರಲ್ಲಿ ಅವನು ಆ ವೃದ್ಧನ ಮಗ ಒಕ್ಟಾವ್ ಮೊಂಜ್ವೆನ್ ಎಂದು ತೀರ್ಪಾಯಿತು. ಕೊನೆಗೂ ಅವನಿಗೊಂದು ಹೆಸರು ಸಿಕ್ಕಿತು. ಅಷ್ಟರಲ್ಲಿ ಕಾಲವು ಮೀರಿತ್ತು. ಅವನು ಮನೆ ಸೇರುವ ಮೊದಲೇ ತಂದೆಯೂ ತೀರಿಕೊಂಡನು, ಅಣ್ಣತಮ್ಮನೂ ತೀರಿಕೊಂಡನು. 1942ರಲ್ಲಿ, ಮತ್ತೊಂದು ಮಹಾಯುದ್ಧದ ನಡುವೆ, ಪ್ಯಾರಿಸ್ ನಗರದ ಚಿಕಿತ್ಸಾಲಯದಲ್ಲಿ ಅವನು ಆಹಾರದ ಅಭಾವದಿಂದ ಸೊರಗಿ ಸತ್ತನು. ಹಿಲ್ಟನನ ಕಥೆಯ ಬೀಗದ ಕೈ ಬೆಳ್ಳಿತೆರೆಯ ಮೇಲೆ ಬಾಗಿಲನ್ನು ತೆರೆದದ್ದೂ ಅದೇ ವರ್ಷ. 1948ರಲ್ಲಿ ಮಾಂಜೇನನ ಅವಶೇಷಗಳನ್ನು ಹುಟ್ಟೂರಿಗೆ ತಂದು, ಅವನ ನಿಜವಾದ ಹೆಸರಿನಿಂದಲೇ ಮಣ್ಣು ಮಾಡಿದರು.

ಕಾಲು ಬಲ್ಲ ದಾರಿಯನ್ನು ತಲೆ ಅರಿಯದಿರುವುದು ಹೇಗೆ ಸಾಧ್ಯ? ಇದಕ್ಕೆ ವಿಜ್ಞಾನವು ಸ್ವಲ್ಪಮಟ್ಟಿಗೆ ಉತ್ತರವನ್ನು ಕೊಟ್ಟಿದೆ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ ತರುಣನಿಗೆ ಮೂರ್ಛೆರೋಗದ ಪರಿಹಾರಕ್ಕಾಗಿ ಮಿದುಳಿನ ಶಸ್ತ್ರಚಿಕಿತ್ಸೆಯಾಯಿತು. ಆ ಬಳಿಕ ಹೊಸದಾಗಿ ನಡೆದ ಯಾವುದೂ ಅವನ ನೆನಪಿನಲ್ಲಿ ನಿಲ್ಲದಾಯಿತು. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿಯು ಅವನಿಗೆ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆಯನ್ನು ತಿದ್ದುವ ಅಭ್ಯಾಸವನ್ನು ಕೊಟ್ಟಳು. ದಿನದಿಂದ ದಿನಕ್ಕೆ ಅವನ ಕೈ ಪಳಗುತ್ತ ಹೋಯಿತು. ಆದರೆ ಹಿಂದೆ ಆ ಕೆಲಸವನ್ನು ಮಾಡಿದ ನೆನಪೇ ಅವನಿಗಿರಲಿಲ್ಲ. ಇದರಿಂದ ನೆನಪೆಂಬುದು ಒಂದೇ ಉಗ್ರಾಣವಲ್ಲ, ಹಲವು ಕೋಣೆಗಳ ಮನೆ ಎಂಬುದು ಸ್ಪಷ್ಟವಾಯಿತು. ಘಟನೆಗಳ ಕೋಣೆಗೆ ಬೀಗ ಬಿದ್ದರೂ ಅಭ್ಯಾಸಗಳ ಕೋಣೆ ತೆರೆದಿರಬಹುದು. ಆದರೆ ಒಂದು ಎಚ್ಚರಿಕೆ: ತಲೆಗೆ ಮತ್ತೊಂದು ಪೆಟ್ಟು ಬಿದ್ದರೆ ಹೋದ ನೆನಪು ಬರುವುದೆಂಬುದು ಕಥೆಗಾರರ ಅನುಕೂಲವೇ ಹೊರತು ವೈದ್ಯಶಾಸ್ತ್ರದ ಮಾತಲ್ಲ. ಪೆಟ್ಟು ಬಿದ್ದರೆ ಅಪಾಯವೇ ಹೆಚ್ಚು.

ಹಾಗಾದರೆ ಈ ಕಥೆಗಳಿಂದ ನಾವು ತಿಳಿಯಬೇಕಾದುದೇನು? ಮನುಷ್ಯನ ಬಾಳು ಅವನ ತಲೆಯೊಳಗಿನ ನೆನಪಿನಲ್ಲಷ್ಟೇ ಇರುವುದಿಲ್ಲ. ಅದರ ಒಂದು ಪಾಲು ಅವನ ಕೈಕಾಲುಗಳ ಅಭ್ಯಾಸದಲ್ಲಿರುತ್ತದೆ. ದೊಡ್ಡದೊಂದು ಪಾಲು ಅವನನ್ನು ಪ್ರೀತಿಸುವವರ ಬಳಿಯಲ್ಲಿ ಇರುತ್ತದೆ. ಅವನು ಮರೆತಾಗ ಆ ಪಾಲನ್ನು ಕಾಯುವವರು ಅವರು. ಆದರೆ ಕಾಯುವುದೆಂದರೆ ಕಸಿದುಕೊಳ್ಳುವುದಲ್ಲ. ಮಾಂಜೇನನನ್ನು ತಮ್ಮವನೆಂದು ಎಳೆದಾಡಿದವರಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಆದರೂ ಆ ಪ್ರೀತಿಯು ಅವನ ಮನೆಯ ದಾರಿಯನ್ನು ಹಲವು ವರ್ಷ ತಡೆಯಿತು. ಪ್ರೀತಿಯೊಡನೆ ಸತ್ಯವೂ ಬೇಕು, ತಾಳ್ಮೆಯೂ ಬೇಕು. ಪೌಲಾಳಲ್ಲಿ ಈ ಮೂರೂ ಕೂಡಿದ್ದವು. ಆ ಕಥೆ ಇಂದಿಗೂ ನಮ್ಮನ್ನು ಮುಟ್ಟುವುದು ಅದರಿಂದಲೇ.

ನಿಮ್ಮ ಮನೆಯಲ್ಲಿ ಮುಪ್ಪಿನ ಅಜ್ಜಿಯೋ ತಾತನೋ ಇದ್ದು, ಅವರಿಗೆ ಮರೆವು ಹೆಚ್ಚಿರಬಹುದು. ನಿಮ್ಮನ್ನು ನಿಮ್ಮ ತಂದೆಯ ಹೆಸರಿನಿಂದ ಕರೆಯಬಹುದು. ಹೇಳಿದ್ದನ್ನೇ ಹತ್ತು ಸಲ ಹೇಳಬಹುದು. ಆಗ "ಅಷ್ಟೂ ನೆನಪಿಲ್ಲವೆ?" ಎಂದು ಗದರಿಸಬೇಡಿ, ನಗಬೇಡಿ. ಪಕ್ಕದಲ್ಲಿ ಕುಳಿತು ಅವರಿಗೆ ಬಲ್ಲ ಹಳೆಯ ಹಾಡೊಂದನ್ನು ಮೆಲ್ಲಗೆ ಹಾಡಿ ನೋಡಿ. ನಿಮ್ಮ ಹೆಸರು ಅವರಿಗೆ ಹೊಳೆಯದಿದ್ದರೂ ಹಾಡಿನ ಮುಂದಿನ ಸಾಲು ಅವರ ತುಟಿಯ ಮೇಲೆ ಬರಬಹುದು. ಬಾರದಿದ್ದರೂ ಚಿಂತೆಯಿಲ್ಲ. ನನ್ನ ಹಳೆಯ ವಿದ್ಯಾರ್ಥಿಯು ಅಂದು ನನಗೆ ಹೇಳಿದ ಮಾತನ್ನು ನೀವು ಅವರಿಗೆ ಹೇಳಿ: "ಇರಲಿ ಬಿಡಿ, ನನಗೆ ನೆನಪಿದೆಯಲ್ಲ."

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿ:
1. ದುರ್ವಾಸರು ಶಕುಂತಲೆಯನ್ನು ಶಪಿಸಲು ಕಾರಣವೇನು?
2. 'ಷೆಲ್ ಶಾಕ್' ಎಂದರೇನು?
3. ಎಚ್ಚರವಾದಾಗ ರೇನಿಯರನ ಜೇಬಿನಲ್ಲಿ ಏನಿತ್ತು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ:
1. ಮಹಾಭಾರತದ ದುಷ್ಯಂತನಿಗೂ ಕಾಳಿದಾಸನ ದುಷ್ಯಂತನಿಗೂ ಇರುವ ವ್ಯತ್ಯಾಸವನ್ನು ತಿಳಿಸಿ.
2. ಉಂಗುರಕ್ಕೂ ಬೀಗದ ಕೈಗೂ ಇರುವ ಹೋಲಿಕೆ ಮತ್ತು ಭೇದಗಳಾವುವು?
3. ಮಾಂಜೇನನನ್ನು ತಮ್ಮವನೆಂದು ಹೇಳಿಕೊಂಡವರು ಮೋಸಗಾರರಲ್ಲವೆಂದು ಲೇಖಕರು ಏಕೆ ಹೇಳುತ್ತಾರೆ?

ಇ) ಆಲೋಚಿಸಿ ಬರೆಯಿರಿ:
ಪೌಲಾ ನಿಜವನ್ನು ಮೊದಲೇ ಹೇಳಬೇಕಾಗಿತ್ತೆ? ನಿಮ್ಮ ಅಭಿಪ್ರಾಯವನ್ನು ಕಾರಣಸಹಿತವಾಗಿ ಬರೆಯಿರಿ.